ಕಾಲಿಗೂ ಅಕ್ಷರ ಬರುತ್ತೆ: ಜಪಾನಿನ ಫುಟ್‌ಪಾತಿನಲ್ಲಿ ನಾವು ಕಲಿತ ಪಾಠ



ಹೊರದೇಶಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಏನಿರುತ್ತೆ ಹೇಳಿ? ದೊಡ್ಡ ದೊಡ್ಡ ಗೋಪುರ, ತಟ್ಟೆ ತುಂಬ ಊಟ, ಅದರ ಮುಂದೆ ಎರಡು ಬೆರಳೆತ್ತಿ ನಿಂತ ನಮ್ಮ ಮುಖ. ಕಳೆದ ಸೆಮಿಸ್ಟರ್ ರಜೆಯಲ್ಲಿ ಒಂದು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದ ಮೂಲಕ ನಮ್ಮ ಕಾಲೇಜಿನಿಂದ ಐದು ಜನ ಹತ್ತು ದಿನ ಜಪಾನಿಗೆ ಹೋಗಿದ್ವಿ. ವಾಪಸ್ ಬಂದು ಮನೆಯಲ್ಲಿ ಫೋಟೋ ತೋರಿಸಿದಾಗ ನಮ್ಮಲ್ಲೊಬ್ಬರ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೂರ ಹೋಗಿ ಬರೀ ಫುಟ್‌ಪಾತ್ ಫೋಟೋ ಹೊಡ್ಕೊಂಡು ಬಂದಿದ್ದೀರಲ್ಲೋ, ನಿಮಗೇನಾಗಿದೆ?"

ಅವರ ಪ್ರಶ್ನೆಗೆ ಉತ್ತರವೇ ಈ ಲೇಖನ.

ಮೊದಲು ಒಂದು ವಿಷಯ ಹೇಳಬೇಕು. ನಮ್ಮ ಐದು ಜನರಲ್ಲಿ ಒಬ್ಬಳಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಅದಕ್ಕೆ ಹೆಸರು. ಸಣ್ಣ ಪೈಪಿನೊಳಗಿಂದ ನೋಡಿದ ಹಾಗೆ ನಟ್ಟನಡುವಿನ ಭಾಗ ಮಾತ್ರ ಕಾಣುತ್ತೆ, ಅಕ್ಕಪಕ್ಕ ಮತ್ತು ಕಾಲಬುಡ ಕಾಣೋದಿಲ್ಲ. ಸಂಜೆಯಾದ ಮೇಲೆ ಅದೂ ಕಷ್ಟ. ಕೋಡಿಂಗ್‌ನಲ್ಲಿ ಅವಳು ನಮಗೆಲ್ಲ ಟೀಚರ್. ಆದರೆ ಹಾಸ್ಟೆಲ್‌ನಿಂದ ಕ್ಯಾಂಟೀನಿಗೆ ಹೋಗಬೇಕಾದರೆ ಯಾರದಾದರೂ ಮೊಣಕೈ ಹಿಡಿಯಲೇಬೇಕು. ಮೂರು ವರ್ಷದಿಂದ ಹೀಗೇ ನಡೆದಿತ್ತು. ನಮಗದು ಅಭ್ಯಾಸವಾಗಿತ್ತು. ಅವಳಿಗೂ ಅಭ್ಯಾಸವಾಗಿದೆ ಅಂತಲೇ ನಾವು ಅಂದುಕೊಂಡಿದ್ವಿ.

(ಈ ಲೇಖನವನ್ನು ಮೊದಲು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಸಂಪಾದಕರಿಗೆ ಕೊಟ್ಟಿದ್ದೇವೆ. ಎರಡು ಕಡೆ ತಿದ್ದಿದ್ದು ಅವಳೇ.)

ಟೋಕಿಯೋದ ಎರಡನೇ ಬೆಳಗ್ಗೆ

ಬೆಳಗ್ಗೆ ಆರೂವರೆಗೆ ಎದ್ದು ನೋಡಿದರೆ ಅವಳು ರೂಮಿನಲ್ಲಿ ಇಲ್ಲ! ಫೋನ್ ಚಾರ್ಜಿಗೆ ಹಾಕಿದ್ದು ಅಲ್ಲೇ ಇದೆ. ಭಾಷೆ ಗೊತ್ತಿಲ್ಲದ ಊರು, ಕಣ್ಣು ಕಾಣದ ಹುಡುಗಿ. ನಮಗೆ ಕೈಕಾಲು ತಣ್ಣಗಾಯಿತು. ಇಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ ಓಡಿದ್ವಿ. ಹತ್ತು ನಿಮಿಷ ಹುಡುಕಿ ಏದುಸಿರು ಬಿಡುತ್ತಾ ವಾಪಸ್ ಬಂದರೆ, ಎದುರಿಗೆ ಸ್ಟೇಷನ್ ಕಡೆಯಿಂದ ಅವಳು ಆರಾಮಾಗಿ ನಡೆದುಕೊಂಡು ಬರ್ತಿದ್ದಾಳೆ. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದು ಕೈಯಲ್ಲಿ ಟೀ ಬಾಟಲಿ.

ನಾವು ಬೈಯೋಕೆ ಬಾಯಿ ತೆಗೆಯೋದರೊಳಗೆ ಅವಳೇ ಹೇಳಿದಳು: "ನೆಲದಲ್ಲಿ ಹಳದಿ ಗೆರೆ ಇತ್ತು ಕಣ್ರೋ. ಹಿಡ್ಕೊಂಡು ಹೋದೆ, ಹಿಡ್ಕೊಂಡು ಬಂದೆ. ಹೈಸ್ಕೂಲ್ ಆದ್ಮೇಲೆ ರೋಡಲ್ಲಿ ಒಬ್ಬಳೇ ನಡೆದಿದ್ದು ಇವತ್ತೇ."

ನಾವು ನಾಲ್ವರೂ ಬಾಯಿ ಮುಚ್ಚಿಕೊಂಡ್ವಿ. ಅದೇ ರಸ್ತೆಯಲ್ಲಿ ಹಿಂದಿನ ದಿನ ನಾಲ್ಕು ಸಲ ಓಡಾಡಿದ್ದೆವು. ಆ ಹಳದಿ ಗೆರೆ ನಮ್ಮ ಕಣ್ಣಿಗೂ ಬಿದ್ದಿತ್ತು, ಆದರೆ ನಾವು ಅದನ್ನು ನೋಡಿರಲಿಲ್ಲ. ಅವತ್ತಿನಿಂದ ನಮ್ಮ ಫೋಟೋಗಳ ದಿಕ್ಕು ಬದಲಾಯಿತು. ಮೇಲೆ ನೋಡೋದು ಬಿಟ್ಟು ಕೆಳಗೆ ನೋಡೋಕೆ ಶುರು ಮಾಡಿದ್ವಿ.

ಎರಡೇ ಅಕ್ಷರದ ಭಾಷೆ

ಜಪಾನಿನಲ್ಲಿ ಇದನ್ನು 'ತೆಂಜಿ ಬ್ಲಾಕ್' ಅಂತಾರೆ. ತೆಂಜಿ ಅಂದರೆ ಚುಕ್ಕಿ ಅಕ್ಷರ, ಅಂದರೆ ಬ್ರೈಲ್. ಬ್ರೈಲ್ ಅನ್ನು ಬೆರಳು ಓದುತ್ತೆ, ಇದನ್ನು ಕಾಲು ಓದುತ್ತೆ. ಈ ಭಾಷೆಗೆ ಇರೋದು ಎರಡೇ ಅಕ್ಷರ.

ಒಂದು, ಉದ್ದ ಪಟ್ಟಿ. ಟೈಲ್ ಮೇಲೆ ಸಾಲಾಗಿ ಉಬ್ಬಿದ ಗೆರೆಗಳಿರುತ್ತವೆ. ಇದರ ಅರ್ಥ "ಹೋಗು, ದಾರಿ ಈ ಕಡೆಗಿದೆ."

ಎರಡು, ಚುಕ್ಕಿ. ಟೈಲ್ ಮೇಲೆ ಸಾಲು ಸಾಲು ಗುಂಡು ಉಬ್ಬುಗಳು. ಇದರ ಅರ್ಥ "ನಿಲ್ಲು, ಮುಂದೆ ಏನೋ ಇದೆ." ಮೆಟ್ಟಿಲಿರಬಹುದು, ರಸ್ತೆ ದಾಟುವ ಜಾಗವಿರಬಹುದು, ಪ್ಲಾಟ್‌ಫಾರ್ಮಿನ ಅಂಚಿರಬಹುದು, ದಾರಿ ತಿರುಗುವ ಜಾಗವಿರಬಹುದು.

ಅಷ್ಟೇ! ನಾವು ಶೂ ಹಾಕಿಕೊಂಡು, ಕಣ್ಣು ಮುಚ್ಚಿ, ಒಬ್ಬರ ಹೆಗಲು ಹಿಡಿದು ಪ್ರಯತ್ನಿಸಿದ್ವಿ. ಮೊದಲ ಐದು ನಿಮಿಷ ಎಲ್ಲಾ ಒಂದೇ ಥರ ಅನ್ನಿಸಿತು. ಅರ್ಧ ಗಂಟೆಯಲ್ಲಿ ಪಾದಕ್ಕೆ ವ್ಯತ್ಯಾಸ ಗೊತ್ತಾಗತೊಡಗಿತು. ಉಬ್ಬಿನ ಎತ್ತರ ಬರೀ 5 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ಶೂ ಅಡಿಗೆ ಗೊತ್ತಾಗಲ್ಲ, ಜಾಸ್ತಿಯಾದರೆ ಎಡವುತ್ತೇವೆ.

ಇನ್ನು ಬಣ್ಣ. ಕುರುಡರಿಗೆ ಹಳದಿಯಾದರೇನು, ಕಪ್ಪಾದರೇನು ಅಂತ ನಮ್ಮಲ್ಲೊಬ್ಬ ಕೇಳಿದ. ಅದಕ್ಕೆ ಗೆಳತಿಯೇ ಉತ್ತರ ಕೊಟ್ಟಳು. ದೃಷ್ಟಿ ತೊಂದರೆ ಇರುವವರಲ್ಲಿ ಪೂರ್ತಿ ಕತ್ತಲೆಯಲ್ಲಿರುವವರು ಕಡಿಮೆ. ಸ್ವಲ್ಪವಾದರೂ ಕಾಣುವವರೇ ಹೆಚ್ಚು. ಬೂದು ನೆಲದ ಮೇಲೆ ಹಳದಿ ಎದ್ದು ಕಾಣುತ್ತೆ. ಅವಳ ಪೈಪಿನಂಥ ನೋಟಕ್ಕೂ ಆ ಗೆರೆ ಸಿಕ್ಕಿಬಿಟ್ಟಿತ್ತು. ಅಂದಕ್ಕೆ ಹೊಂದಲ್ಲ ಅಂತ ನೆಲದ ಬಣ್ಣದಲ್ಲೇ ಬೂದು ಬ್ಲಾಕ್ ಹಾಕಿದ ಜಾಗಗಳೂ ಇದ್ದವು. ಅಲ್ಲಿ ಮಾತ್ರ ಅವಳು ಮತ್ತೆ ನಮ್ಮ ಮೊಣಕೈ ಹಿಡಿದಳು.

ಇದು ಹುಟ್ಟಿದ್ದು ಎಲ್ಲಿ?

ನಮ್ಮ ಕಾರ್ಯಕ್ರಮದ ಕೊನೆಯ ಮೂರು ದಿನ ಒಕಾಯಾಮಾ ಎಂಬ ಊರಿನಲ್ಲಿತ್ತು. ಇದೊಂದು ಕಾಕತಾಳೀಯ. ಯಾಕಂದ್ರೆ ತೆಂಜಿ ಬ್ಲಾಕ್ ಹುಟ್ಟಿದ ಊರೇ ಅದು.

ಮಿಯಾಕೆ ಸೇಯಿಚಿ ಅನ್ನುವವರು 1965ರಲ್ಲಿ ಇದನ್ನು ರೂಪಿಸಿದರು. ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬ ಸ್ನೇಹಿತರಿಗೆ ನೆರವಾಗಲಿ ಅನ್ನುವುದೇ ಇದರ ಪ್ರೇರಣೆ. 1967ರ ಮಾರ್ಚ್ 18ರಂದು ಒಕಾಯಾಮಾದ ಅಂಧರ ಶಾಲೆಯ ಹತ್ತಿರ, ರಸ್ತೆ ದಾಟುವ ಜಾಗದಲ್ಲಿ, ಪ್ರಪಂಚದ ಮೊದಲ ಬ್ಲಾಕ್‌ಗಳನ್ನು ಹಾಕಿದರು. ಈಗ ಅಲ್ಲೊಂದು ಸ್ಮಾರಕ ಇದೆ. ಮಾರ್ಚ್ 18 ಜಪಾನಿನಲ್ಲಿ ತೆಂಜಿ ಬ್ಲಾಕ್ ದಿನ.

ಆಮೇಲೆ ರೈಲ್ವೆ ಸ್ಟೇಷನ್‌ಗಳಿಗೆ, ಬೇರೆ ಊರುಗಳಿಗೆ ಇದು ಹರಡಿತು. ಆದರೆ ಒಂದೊಂದು ಕಡೆ ಒಂದೊಂದು ಆಕಾರ ಬಂದರೆ ಭಾಷೆ ಕೆಡುತ್ತೆ ತಾನೇ? ಅದಕ್ಕೇ 2001ರಲ್ಲಿ ಜಪಾನ್ ಇದಕ್ಕೊಂದು ರಾಷ್ಟ್ರೀಯ ಮಾನಕ ಮಾಡಿತು. 2012ರಲ್ಲಿ ಐಎಸ್‌ಒ 23599 ಎಂಬ ಅಂತಾರಾಷ್ಟ್ರೀಯ ಮಾನಕವೂ ಬಂತು. ನಮ್ಮ ಮೆಟ್ರೋ ಸ್ಟೇಷನ್‌ಗಳಲ್ಲಿ ನೀವು ದಿನಾ ತುಳಿದು ಹೋಗುವ ಹಳದಿ ಸಾಲು ಇದೇ ವಂಶದ್ದು.

ಒಂದು ಗೆರೆ, ಒಂದು ಜೀವ

ಒಕಾಯಾಮಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಇನ್ನೊಂದು ಸೂಕ್ಷ್ಮ ಕಂಡಿತು. ಪ್ಲಾಟ್‌ಫಾರ್ಮಿನ ಅಂಚಿನ ಉದ್ದಕ್ಕೂ ಚುಕ್ಕಿ ಬ್ಲಾಕ್ ಇದೆ. ಆದರೆ ಚುಕ್ಕಿಗಳ ಪಕ್ಕದಲ್ಲಿ, ಒಂದೇ ಕಡೆಗೆ, ಒಂದೇ ಒಂದು ಉದ್ದ ಗೆರೆ ಕೂಡ ಇದೆ. ಇದ್ಯಾಕೆ?

ಯೋಚಿಸಿ ನೋಡಿ. ಕಣ್ಣು ಕಾಣದವರು ಜನಜಂಗುಳಿಯಲ್ಲಿ ಒಂದೆರಡು ಸುತ್ತು ತಿರುಗಿಬಿಟ್ಟರೆ, ಕಾಲಿಗೆ ಚುಕ್ಕಿ ಸಿಕ್ಕಿದಾಗ "ಅಂಚು ಹತ್ತಿರ ಇದೆ" ಅಂತ ಗೊತ್ತಾಗುತ್ತೆ. ಆದರೆ ಅಂಚು ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲ್ಲ. ತಪ್ಪು ಕಡೆಗೆ ಹೆಜ್ಜೆ ಇಟ್ಟರೆ ಹಳಿ ಮೇಲೆ. ಆ ಒಂಟಿ ಗೆರೆ ಇರುವ ಕಡೆ ಪ್ಲಾಟ್‌ಫಾರ್ಮಿನ ಒಳಭಾಗ, ಅಂದರೆ ಕ್ಷೇಮದ ಕಡೆ. ಚುಕ್ಕಿ "ಅಪಾಯ" ಅನ್ನುತ್ತೆ, ಗೆರೆ "ಈ ಕಡೆ ಬಾ" ಅನ್ನುತ್ತೆ. ಹೊಸ ಯಂತ್ರ ಬೇಕಿಲ್ಲ, ಕರೆಂಟ್ ಬೇಕಿಲ್ಲ, ಸೆನ್ಸರ್ ಬೇಕಿಲ್ಲ. ಅಚ್ಚಿನಲ್ಲಿ ಒಂದು ಗೆರೆ ಹೆಚ್ಚು, ಅಷ್ಟೇ.

ಪ್ರಾಜೆಕ್ಟ್ ಅಂದ ತಕ್ಷಣ ಆರ್ಡುಯಿನೋ, ಕ್ಯಾಮೆರಾ, ಎಐ ಅಂತ ಓಡುವ ನಮಗೆ ಈ ಗೆರೆ ಸಣ್ಣ ಕಪಾಳಮೋಕ್ಷ ಮಾಡಿದ್ದು ಸುಳ್ಳಲ್ಲ.

2 ಸೆಂಟಿಮೀಟರಿನ ರಾಜಿ

ರಸ್ತೆ ದಾಟುವ ಕಡೆ ಫುಟ್‌ಪಾತ್ ಇಳಿಜಾರಾಗಿ ರಸ್ತೆಗೆ ಇಳಿಯುತ್ತೆ. ನಮ್ಮ ಟೇಪ್ ಹಿಡಿದು ಅಳೆದ್ವಿ. ಪೂರ್ತಿ ಸಮತಟ್ಟಾಗಿಲ್ಲ, ಕೊನೆಯಲ್ಲಿ ಸುಮಾರು 2 ಸೆಂಟಿಮೀಟರ್ ಎತ್ತರ ಉಳಿಸಿದ್ದಾರೆ. ಕೆಲಸ ಸರಿಯಾಗಿ ಮುಗಿಸಿಲ್ಲ ಅಂದುಕೊಂಡ್ವಿ. ಇನ್ನೊಂದು ಕಡೆ ಅಳೆದರೂ ಅದೇ ಲೆಕ್ಕ. ಆಗ ತಿಳೀತು, ಇದು ಬೇಕೆಂದೇ ಇಟ್ಟದ್ದು, ಅಲ್ಲಿಯ ಮಾನಕವೇ ಅದು.

ವೀಲ್‌ಚೇರ್‌ನಲ್ಲಿ ಇರುವವರಿಗೆ ಸೊನ್ನೆ ಎತ್ತರ ಬೇಕು. ಬಿಳಿ ಕೋಲಿನವರಿಗೆ ಫುಟ್‌ಪಾತ್ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರು ಅಂತ ಗೊತ್ತಾಗೋಕೆ ಎತ್ತರ ಬೇಕು. ಒಬ್ಬರಿಗೆ ಒಳ್ಳೆಯದು ಇನ್ನೊಬ್ಬರಿಗೆ ಅಪಾಯ. 2 ಸೆಂಟಿಮೀಟರ್ ಅಂದರೆ ಚಕ್ರವೂ ಹತ್ತಬಹುದು, ಕೋಲಿಗೂ ತಾಕುತ್ತೆ. ಇಬ್ಬರಿಗೂ ಪೂರ್ತಿ ತೃಪ್ತಿ ಇಲ್ಲ, ಆದರೆ ಇಬ್ಬರೂ ದಾಟಬಹುದು. ಪುಸ್ತಕದಲ್ಲಿ ಆಪ್ಟಿಮೈಸೇಶನ್ ಲೆಕ್ಕ ಎಷ್ಟೋ ಮಾಡಿದ್ದೇವೆ. ಅದರ ಉತ್ತರವನ್ನು ಕೈಯಿಂದ ಮುಟ್ಟಿದ್ದು ಇದೇ ಮೊದಲು.

ಕಿವಿಗೆ, ಕೈಗೆ, ಗಡಿಯಾರಕ್ಕೆ

ಟೋಕಿಯೋದ ಕೆಲವು ಸಿಗ್ನಲ್‌ಗಳಲ್ಲಿ ಹಸಿರು ಬಿದ್ದಾಗ ಕೋಳಿಮರಿಯ 'ಪಿಯೋ ಪಿಯೋ' ಅಥವಾ ಕೋಗಿಲೆ ಜಾತಿಯ ಹಕ್ಕಿಯ 'ಕಕ್ಕೂ' ಕೇಳಿಸುತ್ತೆ. ಒಂದು ದಿಕ್ಕಿನ ರಸ್ತೆ ದಾಟಲು ಒಂದು ದನಿ, ಅಡ್ಡ ದಿಕ್ಕಿಗೆ ಇನ್ನೊಂದು. ಕೆಲವು ಕಡೆ ಈ ಬದಿಯ ಪೆಟ್ಟಿಗೆ ಕೂಗಿದ ಮೇಲೆ ಆ ಬದಿಯದು ಉತ್ತರ ಕೊಡುತ್ತೆ. ಎದುರಿನ ದನಿಯ ಕಡೆಗೆ ನೇರವಾಗಿ ನಡೆದರೆ ರಸ್ತೆ ಮಧ್ಯೆ ದಿಕ್ಕು ತಪ್ಪೋದಿಲ್ಲ.

ಹೋಗುವಾಗ ಸಿಂಗಾಪುರದಲ್ಲಿ ವಿಮಾನ ಬದಲಿಸಬೇಕಿತ್ತು, ಅರ್ಧ ದಿನ ಸಮಯ ಸಿಕ್ಕಿತ್ತು. ಅಲ್ಲಿ ಒಬ್ಬ ಅಜ್ಜ ಸಿಗ್ನಲ್ ಕಂಬಕ್ಕೆ ಕಾರ್ಡ್ ಮುಟ್ಟಿಸಿದ್ದನ್ನು ನೋಡಿ, "ರಸ್ತೆ ದಾಟೋಕೂ ಟಿಕೆಟ್ಟಾ?" ಅಂತ ನಕ್ಕಿದ್ವಿ. ಆಮೇಲೆ ನಮ್ಮ ನಗುವಿಗೆ ನಾವೇ ನಾಚಿಕೆಪಟ್ಟೆವು. 2009ರಲ್ಲಿ ಶುರುವಾದ 'ಗ್ರೀನ್ ಮ್ಯಾನ್ ಪ್ಲಸ್' ಅದು. ಹಿರಿಯರು, ಅಂಗವಿಕಲರು ತಮ್ಮ ರಿಯಾಯಿತಿ ಕಾರ್ಡ್ ಮುಟ್ಟಿಸಿದರೆ ಹಸಿರು ದೀಪ 3ರಿಂದ 13 ಸೆಕೆಂಡ್ ಹೆಚ್ಚು ಉರಿಯುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ರಸ್ತೆ ಅಗಲ 18 ಮೀಟರ್ ಅಂತಿಟ್ಟುಕೊಳ್ಳಿ. ಸಿಗ್ನಲ್ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. ಅಂದರೆ 15 ಸೆಕೆಂಡ್ ಸಾಕು. ನಿಮ್ಮ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೀತಾರೆ ಅಂದರೆ ಬೇಕಾಗೋದು 22.5 ಸೆಕೆಂಡ್. 15ನೇ ಸೆಕೆಂಡಿಗೆ ಅಜ್ಜಿ 12 ಮೀಟರ್ ದಾಟಿರುತ್ತಾರೆ, ಇನ್ನೂ 6 ಮೀಟರ್ ಬಾಕಿ, ದೀಪ ಕೆಂಪು. ಆ ಏಳೂವರೆ ಸೆಕೆಂಡ್ ಕೊಡೋದು ದಯೆಯಲ್ಲ, ಲೆಕ್ಕ ಸರಿ ಮಾಡೋದು.

ಈ ಕಥೆಯನ್ನೆಲ್ಲ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನಮ್ಮ ಸೀನಿಯರ್ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವರು, "ಇಲ್ಲಿ ಸಿಗ್ನಲ್ ಬಟನ್ ಡಬ್ಬಿ ಅಡಿಗೆ ಕೈ ಹಾಕಿದ್ರೆ ಏನಿದೆ ಗೊತ್ತಾ?" ಅಂದರು. ಪುಟ್ಟ ಬುಗುರಿಯಂಥ ಒಂದು ಕೋನ್ ಇರುತ್ತಂತೆ. ಹಸಿರು ಬಿದ್ದಾಗ ಅದು ತಿರುಗುತ್ತೆ. ಕಣ್ಣೂ ಕಾಣದೆ ಕಿವಿಯೂ ಕೇಳದವರು ಅದನ್ನು ಹಿಡಿದು ನಿಂತರೆ ಸಾಕು. ಆ ಅಕ್ಕ ಅಲ್ಲಿ ಒಂದೂವರೆ ವರ್ಷದಿಂದ ಅದೇ ಬಟನ್ ಒತ್ತುತ್ತಿದ್ದರಂತೆ. ಕೈ ಕೆಳಗೆ ಹೋಗಿದ್ದು ಒಬ್ಬರು ಹೇಳಿದ ಮೇಲೆ.

ಎಲ್ಲವೂ ಬಂಗಾರವಲ್ಲ

ಜಪಾನಿನಲ್ಲಿ ಎಲ್ಲಾ ಸರಿಯಿದೆ ಅಂತ ಹೇಳಿದರೆ ಅದು ಲೇಖನವಾಗಲ್ಲ, ಜಾಹೀರಾತು ಆಗುತ್ತೆ. ಟೋಕಿಯೋದ ಎಷ್ಟೋ ಒಳರಸ್ತೆಗಳಲ್ಲಿ ಫುಟ್‌ಪಾತೇ ಇಲ್ಲ, ಬಿಳಿ ಗೆರೆ ಮಾತ್ರ. ತಲೆ ಮೇಲೆ ಕರೆಂಟ್ ತಂತಿಯ ಜಾಲ ನಮ್ಮೂರಿನಷ್ಟೇ ದಟ್ಟ. ಒಂದು ಅಂಗಡಿ ಮುಂದೆ ಹಳದಿ ಗೆರೆ ಮೇಲೆಯೇ ಸೈಕಲ್ ನಿಲ್ಲಿಸಿದ್ದರು. ಉಬ್ಬಿನ ಮೇಲೆ ವೀಲ್‌ಚೇರ್ ಗಡಗಡ ಅನ್ನುತ್ತೆ. ನಮ್ಮ ಸೂಟ್‌ಕೇಸ್ ಚಕ್ರಗಳಿಗೂ ಅದೇ ಅನುಭವ.

ಆದರೂ ಆ ಒಳರಸ್ತೆಗಳಲ್ಲಿ ನಡೆಯೋದು ಸಲೀಸಾಗಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಟೈಲ್ ಅಲ್ಲ, ಕಾನೂನು. ಕಾರು ಇಡೋಕೆ ಜಾಗ ಇದೆ ಅಂತ ತೋರಿಸದೆ ಅಲ್ಲಿ ಸಾಮಾನ್ಯವಾಗಿ ಕಾರು ನೋಂದಣಿ ಮಾಡಿಸೋಕಾಗಲ್ಲ. 1962ರ ಕಾನೂನಿನಲ್ಲಿ ಇದರ ಬೇರಿದೆ. ರಾತ್ರಿಯಿಡೀ ರಸ್ತೆಯಲ್ಲಿ ಕಾರು ನಿಲ್ಲಿಸೋದು ಅಲ್ಲಿ ನಡೆಯೋದಿಲ್ಲ. ಬೀದಿ ವಿನ್ಯಾಸ ಅಂದರೆ ಕಲ್ಲು, ಸಿಮೆಂಟ್ ಮಾತ್ರ ಅಲ್ಲ, ಏನನ್ನು ಅಲ್ಲಿ ಇಡಬಾರದು ಅನ್ನೋದೂ ವಿನ್ಯಾಸವೇ.

ಊರಿಗೆ ಬಂದ ಮೇಲೆ

ಬಂದ ವಾರವೇ ನಮ್ಮ ಕಾಲೇಜು ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ ಟೇಪ್, ನೋಟ್‌ಬುಕ್ ಹಿಡಿದು ನಡೆದ್ವಿ. ಅಲ್ಲೂ ಹಳದಿ ಟೈಲ್ ಇದೆ! ಮೂರು ವರ್ಷದಿಂದ ಇತ್ತು, ನಾವೇ ನೋಡಿರಲಿಲ್ಲ. ಉದ್ದ ಪಟ್ಟಿ ಹಿಡಿದು ಹೋದರೆ ಒಂದು ಕಡೆ ನೇರವಾಗಿ ಕರೆಂಟ್ ಬಾಕ್ಸಿಗೆ ಡಿಕ್ಕಿ. ಇನ್ನೊಂದು ಕಡೆ ಮರದ ಬುಡ. ಮತ್ತೊಂದು ಕಡೆ ದುರಸ್ತಿಗೆ ಅಗೆದವರು ವಾಪಸ್ ಹಾಕುವಾಗ ಪಟ್ಟಿಯನ್ನು ಅಡ್ಡಡ್ಡ ಜೋಡಿಸಿದ್ದಾರೆ. ಅಂದರೆ "ರಸ್ತೆಗೆ ಇಳಿ" ಅಂತ ಬರೆದ ಹಾಗೆ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಮಾರ್ಗಸೂಚಿ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅನ್ನುತ್ತೆ. ಕರೆಂಟ್ ಬಾಕ್ಸ್ ಪಕ್ಕದಲ್ಲಿ ನಾವು ಅಳೆದದ್ದು 60 ಸೆಂಟಿಮೀಟರ್.

ಚುಕ್ಕಿ ಟೈಲ್ ಮೇಲೆ ಸೋಡಾ ಕ್ರೇಟ್ ಜೋಡಿಸಿದ್ದ ಗೂಡಂಗಡಿ ಅಂಕಲ್‌ಗೆ ವಿಷಯ ಹೇಳಿದ್ವಿ. "ಅಯ್ಯೋ, ಡಿಸೈನಿಗೆ ಹಾಕವ್ರೆ ಅಂದ್ಕೊಂಡಿದ್ದೆ ಕಣ್ರಪ್ಪಾ" ಅಂತ ಆ ಕ್ಷಣವೇ ಕ್ರೇಟ್ ಎತ್ತಿದರು. ಇವತ್ತಿಗೂ ಅಲ್ಲಿ ಇಟ್ಟಿಲ್ಲ. ಕರೆಂಟ್ ಬಾಕ್ಸ್ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಅಳತೆ, ಫೋಟೋ ಸಮೇತ ಅರ್ಜಿ ಕೊಟ್ಟಿದ್ದೇವೆ. ಬಾಕ್ಸ್ ಇನ್ನೂ ಅಲ್ಲೇ ಇದೆ. ನಾವೂ ಇನ್ನೂ ಹೋಗಿ ಕೇಳ್ತಾನೇ ಇದ್ದೇವೆ.

ಇನ್ನು ನಮ್ಮದೇ ತಪ್ಪಿನ ಕಥೆ. ಹಾಸ್ಟೆಲ್‌ನಿಂದ ಲೈಬ್ರರಿವರೆಗೆ ಹಳದಿ ದಾರಿ ಹಾಕೋಣ ಅಂತ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಸಿವಿಲ್ ವಿಭಾಗದ ಮೇಷ್ಟ್ರ ನೆರವಿನಿಂದ ಎರಡು ಭಾನುವಾರ ಕೂತು ಟೈಲ್ ಹಾಕಿದ್ವಿ. ಗೆಳತಿಗೆ ಸರ್‌ಪ್ರೈಸ್ ಕೊಡಬೇಕು ಅಂತ ಹೇಳಿರಲಿಲ್ಲ. ಸೋಮವಾರ ಬೆಳಗ್ಗೆ ಅವಳನ್ನು ಕರೆದು "ನಡಿ" ಅಂದ್ವಿ. ಖುಷಿಯಿಂದ ಹೊರಟಳು. ಲೈಬ್ರರಿ ಹತ್ತಿರ ಮೂರು ಮೆಟ್ಟಿಲು ಇಳಿಯೋದಿದೆ. ಅಲ್ಲಿ ಚುಕ್ಕಿ ಟೈಲನ್ನು ಮೆಟ್ಟಿಲಿನ ಅಂಚಿಗೇ ಅಂಟಿಸಿದ್ವಿ. ಕಾಲಿಗೆ ಚುಕ್ಕಿ ಸಿಕ್ಕಿದ್ದೂ, ಮೆಟ್ಟಿಲು ತಪ್ಪಿದ್ದೂ ಒಟ್ಟಿಗೇ. ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು.

ಜಪಾನಿನಲ್ಲಿ ಮೆಟ್ಟಿಲಿಗಿಂತ ಸುಮಾರು 30 ಸೆಂಟಿಮೀಟರ್ ಮೊದಲೇ ಚುಕ್ಕಿ ಬ್ಲಾಕ್ ಮುಗಿಯುತ್ತಿತ್ತು. ನಮ್ಮ ಫೋಟೋಗಳಲ್ಲೇ ಅದು ಸ್ಪಷ್ಟವಾಗಿದೆ. "ನಿಲ್ಲು" ಅಂತ ಹೇಳಿದ ಮೇಲೆ ನಿಲ್ಲೋಕೆ ಒಂದಷ್ಟು ಜಾಗ ಬೇಡವೇ? ಟೈಲ್ ನೋಡಿದ್ವಿ, ಟೈಲ್ ಪಕ್ಕದ ಖಾಲಿ ಜಾಗ ನೋಡಿರಲಿಲ್ಲ.

ಅವಳು ಡೆಟಾಲ್ ಹಚ್ಚಿಕೊಳ್ಳುತ್ತಾ ಹೇಳಿದ ಮಾತು ಇಷ್ಟೇ: "ನನಗೋಸ್ಕರ ಮಾಡಿದ್ರಿ, ಸಂತೋಷ. ನನ್ನನ್ನ ಕೇಳಿ ಮಾಡಿದ್ರೆ ಇನ್ನೂ ಸಂತೋಷ ಆಗ್ತಿತ್ತು."

ಮುಂದಿನ ಭಾನುವಾರ ಟೈಲ್ ಕಿತ್ತು ಹಿಂದಕ್ಕೆ ಹಾಕಿದ್ವಿ. ಈ ಸಲ ಕುರ್ಚಿ ಹಾಕಿಕೊಂಡು ಅವಳು ಸೂಪರ್‌ವೈಸರ್. ಪ್ರತಿ ಟೈಲ್ ಮೇಲೂ ತಾನೇ ನಿಂತು "ಹಿಂದೆ ಹಾಕು, ಇನ್ನೂ ಹಿಂದೆ" ಅಂತ ನಮ್ಮ ಬೆವರು ಇಳಿಸಿದಳು.

ನೀವೂ ನೋಡಿ: ಅರ್ಧ ಗಂಟೆಯ ಮನೆಗೆಲಸ

ಇದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಮುಂದಿನ ಸಲ ಬೇರೆ ಊರಿಗೆ ಹೋದಾಗ, ಇಲ್ಲಾ ನಿಮ್ಮ ಬೀದಿಯಲ್ಲೇ, ಹೀಗೆ ಮಾಡಿ.

1. ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ. ಜನ ಎಲ್ಲಿ ತಡವರಿಸ್ತಾರೆ, ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳೀತಾರೆ ಬರೆದುಕೊಳ್ಳಿ.
2. ವಿಚಿತ್ರವಾಗಿ ಕಂಡದ್ದನ್ನು "ಕೆಲಸ ಸರಿ ಮಾಡಿಲ್ಲ" ಅನ್ನೋ ಮೊದಲು ಇನ್ನೊಂದು ಕಡೆಯೂ ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬಂದರೆ ಅದರ ಹಿಂದೆ ಕಾರಣ ಇರಬಹುದು.
3. ಇದು ಯಾರಿಗೆ ಅನುಕೂಲ, ಯಾರಿಗೆ ತೊಂದರೆ ಅಂತ ಎರಡೂ ಪ್ರಶ್ನೆ ಕೇಳಿ.
4. ವಸ್ತುವಿನ ಜೊತೆ ಅದರ ಸುತ್ತಲಿನ ಖಾಲಿ ಜಾಗದ ಅಳತೆಯನ್ನೂ ತೆಗೆದುಕೊಳ್ಳಿ. (ಇದು ನಮ್ಮ ಗೆಳತಿಯ ಮೊಣಕಾಲು ಕಲಿಸಿದ ಪಾಠ.)
5. ಬಳಸುವವರನ್ನು ಕೇಳಿ. ಮೊದಲೇ ಕೇಳಿ.

ಈಗ ದಿನಾ ಸಂಜೆ ನಾಲ್ಕೂವರೆಗೆ ಅವಳು ಒಬ್ಬಳೇ ಲೈಬ್ರರಿಗೆ ಹೋಗ್ತಾಳೆ. ದಾರಿಯಲ್ಲಿ ನಾವು ಸಿಕ್ಕರೂ "ಹಳದಿ ಗೆರೆ ಮೇಲೆ ನಿಂತ್ಕೊಂಡು ಹರಟಬೇಡ್ರೋ, ಪಕ್ಕಕ್ಕೆ ಸರೀರಿ" ಅಂತ ಗದರಿಸಿ ಮುಂದೆ ಹೋಗ್ತಾಳೆ. ನಮ್ಮ ಮೊಣಕೈಗೆ ಕೆಲಸ ಇಲ್ಲದ ಹಾಗಾಗಿದೆ. ಅದಕ್ಕಿಂತ ಒಳ್ಳೆಯ ಮಾರ್ಕ್ಸ್ ನಮಗೆ ಇಲ್ಲಿಯವರೆಗೆ ಯಾವ ಸೆಮಿಸ್ಟರಿನಲ್ಲೂ ಸಿಕ್ಕಿಲ್ಲ.

ನಿಮ್ಮ ಬೀದಿಯಲ್ಲಿ ಏನು ಕಂಡಿತು, ನಮಗೂ ಬರೆದು ತಿಳಿಸಿ. ಸಿರಿಗನ್ನಡಂ ಗೆಲ್ಗೆ!